ಅಜ್ಜಮಾಡ ಬೋಪಯ್ಯ ದೇವಯ್ಯ

ಅಜ್ಜಮಾಡ ಬೋಪಯ್ಯ ದೇವಯ್ಯ (1932–1965) ಭಾರತೀಯ ವಾಯುಪಡೆಯ ಯುದ್ಧವಿಮಾನ ಚಾಲಕ, ಕೊಡಗಿನವರು. 1965ರ ಭಾರತ–ಪಾಕಿಸ್ತಾನ ಯುದ್ಧದಲ್ಲಿ, ಸೆಪ್ಟೆಂಬರ್ 7ರ ಬೆಳಗ್ಗೆ, ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದ ತಂಡದಲ್ಲಿ ಸ್ಕ್ವಾಡ್ರನ್ ಲೀಡರ್ ದೇವಯ್ಯ ಇದ್ದರು. ಅವರ ಮಿಸ್ಟೇರ್ ವಿಮಾನ ಹಿಂದಿರುಗಲಿಲ್ಲ. ಪೆಟ್ಟು ತಿಂದ ಆ ವಿಮಾನದಲ್ಲಿಯೇ ಅವರು, ತಮ್ಮದಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರ್ ವಿಮಾನವೊಂದನ್ನು ಎದುರಿಸಿ ಕೆಡವಿದ್ದರು. ಆ ಸಂಗತಿ ಭಾರತದಲ್ಲಿ ತಿಳಿದದ್ದು ಹದಿನಾಲ್ಕು ವರ್ಷಗಳ ಬಳಿಕ, ಅದೂ ಎದುರಾಳಿಯ ಕಡೆಯಿಂದ. 1988ರಲ್ಲಿ, ಅವರು ತೀರಿಕೊಂಡ 23 ವರ್ಷಗಳಿಗೆ, ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು. ಯುದ್ಧಭೂಮಿಯ ಶೌರ್ಯಕ್ಕೆ ಭಾರತ ನೀಡುವ ಪುರಸ್ಕಾರಗಳಲ್ಲಿ ಇದು ಪರಮವೀರ ಚಕ್ರದ ನಂತರದ್ದು.

ಹುಟ್ಟು ಮತ್ತು ನಾಡು

ದೇವಯ್ಯ ಹುಟ್ಟಿದ್ದು 1932ರ ಡಿಸೆಂಬರ್ 24ರಂದು. ಅವರ ಹೆಸರಿನಲ್ಲೇ ಕೊಡವ ಸಮಾಜದ ರೂಢಿ ಕಾಣುತ್ತದೆ. ಮೊದಲು ಬರುವುದು ಒಕ್ಕದ, ಅಂದರೆ ಮನೆತನದ ಹೆಸರು, ಆಮೇಲೆ ತಂದೆಯದು, ಕೊನೆಗೆ ಸ್ವಂತದ್ದು. ಅಜ್ಜಮಾಡ ಅವರ ಒಕ್ಕ, ಬೋಪಯ್ಯ ತಂದೆ. ವಾಯುಪಡೆಯ ದಾಖಲೆಗಳಲ್ಲಿ ಇದು ಎ. ಬಿ. ದೇವಯ್ಯ ಎಂದು ಮೊಟಕಾಗಿದೆ.

ಅವರ ಬಾಲ್ಯದ ಕೊಡಗು ಬ್ರಿಟಿಷರ ನೇರ ಆಡಳಿತದಲ್ಲಿದ್ದ ಪುಟ್ಟ ಪ್ರಾಂತ. ಕೊನೆಯ ಅರಸನನ್ನು ಪದಚ್ಯುತಗೊಳಿಸಿ 1834ರಲ್ಲಿ ಬ್ರಿಟಿಷರು ಅದನ್ನು ವಶಪಡಿಸಿಕೊಂಡಿದ್ದರು. ಸ್ವಾತಂತ್ರ್ಯಾನಂತರ ಕೆಲ ವರ್ಷ ಪ್ರತ್ಯೇಕ ರಾಜ್ಯವಾಗಿದ್ದು, 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯದೊಳಗೆ ಸೇರಿತು. ದೇವಯ್ಯ ವಾಯುಪಡೆಗೆ ಸೇರಿದಾಗ ಅವರ ನಾಡು ಇನ್ನೂ ಪ್ರತ್ಯೇಕ ರಾಜ್ಯವೇ ಆಗಿತ್ತು.

ಕೊಡವರಲ್ಲಿ ಆಯುಧ ಬದುಕಿನ ಒಳಗಿನ ವಸ್ತು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವುದು ಹಳೆಯ ಕ್ರಮ. ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ, ಕತ್ತಿಗಳಿಗೆ ಪೂಜೆ ನಡೆಯುತ್ತದೆ. ಸೈನ್ಯಕ್ಕೆ ಸೇರುವುದು ಇಲ್ಲಿ ಮನೆಮನೆಯ ಪರಂಪರೆ. ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕ ಕೆ. ಎಂ. ಕಾರ್ಯಪ್ಪ ಮತ್ತು ಮುಂದೆ ಅದೇ ಹುದ್ದೆಗೇರಿದ ಕೆ. ಎಸ್. ತಿಮ್ಮಯ್ಯ ಇಬ್ಬರೂ ಕೊಡಗಿನವರು. ದೇವಯ್ಯ ಹದಿಹರೆಯದಲ್ಲಿದ್ದಾಗ, 1949ರ ಜನವರಿಯಲ್ಲಿ, ಕಾರ್ಯಪ್ಪ ಸೇನೆಯ ಚುಕ್ಕಾಣಿ ಹಿಡಿದರು. ಆದರೆ ಈ ಪರಂಪರೆ ಬಹುಮಟ್ಟಿಗೆ ಭೂಸೇನೆಯದು. ದೇವಯ್ಯ ಆರಿಸಿಕೊಂಡ ವಾಯುಪಡೆಗೆ, ಅವರು ಸೇರಿದಾಗ, ಇಪ್ಪತ್ತೆರಡು ವರ್ಷವಷ್ಟೇ ಆಗಿತ್ತು.

ವಾಯುಪಡೆಯಲ್ಲಿ

ದೇವಯ್ಯ 1954ರ ಡಿಸೆಂಬರ್ 6ರಂದು ವಿಮಾನ ಚಾಲಕರಾಗಿ ಅಧಿಕಾರಿ ಪದವಿ ಪಡೆದರು. ವಾಯುಪಡೆ ವೇಗವಾಗಿ ರೂಪ ಬದಲಿಸುತ್ತಿದ್ದ ಕಾಲವದು. 1948ರಲ್ಲಿ ಬಂದ ಬ್ರಿಟಿಷ್ ವ್ಯಾಂಪೈರ್ ಭಾರತದ ಮೊದಲ ಜೆಟ್ ಯುದ್ಧವಿಮಾನ. 1953ರಲ್ಲಿ ಫ್ರಾನ್ಸಿನ ಊರಗಾನ್ ಬಂದು, ಇಲ್ಲಿ ತೂಫಾನಿ ಎಂಬ ಹೆಸರು ಪಡೆಯಿತು. 1957ರಲ್ಲಿ ಫ್ರೆಂಚ್ ಮಿಸ್ಟೇರ್ ಮತ್ತು ಬ್ರಿಟಿಷ್ ಹಂಟರ್, ಆ ಬೆನ್ನಿಗೇ ಪುಟ್ಟ ನ್ಯಾಟ್ ಬಂದವು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ವಿನ್ಯಾಸಗೊಂಡ ಎಚ್‌ಟಿ-2 ತರಬೇತಿ ವಿಮಾನವನ್ನು 1951ರಲ್ಲಿ ಹಾರಿಸಿ ನೋಡಿ, ಆ ದಶಕದಲ್ಲೇ ವಾಯುಪಡೆಗೆ ಒದಗಿಸಲು ತೊಡಗಿತ್ತು. ದೇವಯ್ಯನವರ ತಲೆಮಾರಿನ ಚಾಲಕರು ಪಂಖ ತಿರುಗುವ ವಿಮಾನಗಳಲ್ಲಿ ಕಲಿತು, ನಾಲ್ಕಾರು ವರ್ಷಗಳಲ್ಲಿ ಶಬ್ದವೇಗದ ಅಂಚು ಮುಟ್ಟುವ ಜೆಟ್‌ಗಳಿಗೆ ಬಂದವರು.

ಹತ್ತು ವರ್ಷಗಳ ಸೇವೆಯಲ್ಲಿ ಅವರು ಸ್ಕ್ವಾಡ್ರನ್ ಲೀಡರ್ ಹುದ್ದೆಗೇರಿದರು; ಹಾರಾಟ ಕಲಿಸುವ ಬೋಧಕರೂ ಆದರು. ಯುದ್ಧ ಆರಂಭವಾದಾಗ ಅವರಿದ್ದುದು ವಾಯುಪಡೆಯ ಹಾರಾಟ ಕಾಲೇಜಿನಲ್ಲಿ, ಬೋಧಕರಾಗಿ. ಶಿಷ್ಯನ ಕೈಯಲ್ಲಿ ವಿಮಾನ ತಪ್ಪುದಾರಿ ಹಿಡಿದಾಗ ಕ್ಷಣಾರ್ಧದಲ್ಲಿ ಅದನ್ನು ಸರಿಪಡಿಸಬೇಕಾದವನು ಬೋಧಕ. ಯಾವ ವೇಗದಲ್ಲಿ ಎಷ್ಟು ಬಿಗಿಯಾಗಿ ತಿರುಗಿಸಬಹುದು, ಎಲ್ಲಿಗೆ ಮೀರಿದರೆ ವಿಮಾನ ಕೈಬಿಡುತ್ತದೆ ಎಂಬುದು ಅವನಿಗೆ ದಿನವೂ ತಿದ್ದಿ ತಿದ್ದಿ ಪಳಗಿದ ವಿದ್ಯೆ.

ಯುದ್ಧದ ಹೊತ್ತಿನಲ್ಲಿ ಅನುಭವಿ ಬೋಧಕರನ್ನು ದಾಳಿಯ ಸ್ಕ್ವಾಡ್ರನ್‌ಗಳಿಗೆ ಕಳುಹಿಸಲಾಯಿತು. ದೇವಯ್ಯ ಹೋದದ್ದು ಪಂಜಾಬಿನ ಜಲಂಧರ್ ಬಳಿಯ ಆದಂಪುರ ನೆಲೆಯಲ್ಲಿದ್ದ 1ನೇ ಸ್ಕ್ವಾಡ್ರನ್‌ಗೆ. 1933ರ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡ್‌ನಲ್ಲಿ ವಪಿಟಿ ಎಂಬ ಎರಡು ರೆಕ್ಕೆಜೋಡಿಯ ವಿಮಾನಗಳೊಂದಿಗೆ ಹುಟ್ಟಿದ ಇದು ಭಾರತೀಯ ವಾಯುಪಡೆಯ ಮೊದಲ ಸ್ಕ್ವಾಡ್ರನ್. ಟೈಗರ್ಸ್ ಎಂಬುದು ಅದಕ್ಕಿರುವ ಹೆಸರು. 1965ರಲ್ಲಿ ಅದು ಮಿಸ್ಟೇರ್ ಹಾರಿಸುತ್ತಿತ್ತು. ವಿಂಗ್ ಕಮಾಂಡರ್ ಓಂ ಪ್ರಕಾಶ್ ತನೇಜಾ ಅದರ ಮುಖ್ಯಸ್ಥರು.

1965ರ ಸೆಪ್ಟೆಂಬರ್

1965ರ ಆಗಸ್ಟ್‌ನಲ್ಲಿ ಪಾಕಿಸ್ತಾನ ಕಾಶ್ಮೀರದೊಳಕ್ಕೆ ಶಸ್ತ್ರಸಜ್ಜಿತ ತಂಡಗಳನ್ನು ನುಸುಳಿಸಿತು. ಸೆಪ್ಟೆಂಬರ್ 1ರಂದು ಅದರ ಟ್ಯಾಂಕ್‌ಗಳು ಛಾಂಬ್ ಪ್ರದೇಶಕ್ಕೆ ನುಗ್ಗಿದವು. ಭಾರತೀಯ ವಾಯುಪಡೆ ಯುದ್ಧಕ್ಕಿಳಿದದ್ದು ಅಂದು ಸಂಜೆ. ಮೊದಲ ದಿನವೇ ನಾಲ್ಕು ಹಳೆಯ ವ್ಯಾಂಪೈರ್‌ಗಳು ನಷ್ಟವಾದವು. ಸೆಪ್ಟೆಂಬರ್ 6ರಂದು ಭಾರತದ ಸೇನೆ ಲಾಹೋರ್ ದಿಕ್ಕಿನಲ್ಲಿ ಅಂತಾರಾಷ್ಟ್ರೀಯ ಗಡಿ ದಾಟಿತು. ಅದೇ ಸಂಜೆ ಪಾಕಿಸ್ತಾನದ ಸೇಬರ್ ವಿಮಾನಗಳು ಪಠಾಣ್‌ಕೋಟ್, ಹಲ್ವಾರಾ ಮತ್ತು ಆದಂಪುರದತ್ತ ದಾಳಿಗೆ ಬಂದವು. ಪಠಾಣ್‌ಕೋಟ್‌ನಲ್ಲಿ ನೆಲದ ಮೇಲೆ ನಿಂತಿದ್ದ ಭಾರತೀಯ ವಿಮಾನಗಳು ಸುಟ್ಟುಹೋದವು. ಹೊಸದಾಗಿ ಬಂದಿದ್ದ ಎರಡು ಮಿಗ್-21ಗಳೂ ಅವುಗಳಲ್ಲಿದ್ದವು.

ಅಂದು ವಾಯುಪಡೆಯ ಮುಖ್ಯಸ್ಥರಾಗಿದ್ದವರು ಏರ್ ಮಾರ್ಷಲ್ ಅರ್ಜನ್ ಸಿಂಗ್. ಮರುದಿನ ಮುಂಜಾನೆಯೇ ಶತ್ರುವಿನ ನೆಲೆಗಳ ಮೇಲೆ ಪ್ರತಿದಾಳಿ ನಡೆಯಬೇಕಿತ್ತು. ಅದರ ಮುಖ್ಯ ಗುರಿ ಸರ್ಗೋಧಾ. ಪಾಕಿಸ್ತಾನಿ ವಾಯುಪಡೆಯ ಶಕ್ತಿಯ ನಡುಗಂಬವೇ ಅದು. ಸೇಬರ್‌ಗಳು, ಸ್ಟಾರ್‌ಫೈಟರ್‌ಗಳು ಅಲ್ಲಿದ್ದವು. ಸುತ್ತಮುತ್ತ ಛೋಟಾ ಸರ್ಗೋಧಾ, ಭಗ್ತನ್‌ವಾಲಾ ಮುಂತಾದ ಉಪನೆಲೆಗಳಿದ್ದವು. ವಿಮಾನವಿರೋಧಿ ತೋಪುಗಳ ಕಾವಲೂ ಬಲವಾಗಿತ್ತು.

ಆದಂಪುರದಿಂದ ಸರ್ಗೋಧಾ ನೇರ ಗೆರೆಯಲ್ಲಿ ಸುಮಾರು 300 ಕಿ.ಮೀ. ಬಿಯಾಸ್, ರಾವಿ, ಚಿನಾಬ್ ನದಿಗಳನ್ನು ದಾಟಿ ಹೋಗಬೇಕು. ಮೇಲೆ ಹಾರಿದರೆ ಇಂಧನ ಉಳಿಯುತ್ತದೆ, ಆದರೆ ರೇಡಾರ್‌ಗೆ ಕಾಣಿಸಿಕೊಳ್ಳುತ್ತದೆ. ನೆಲಮಟ್ಟದಲ್ಲಿ ಹಾರಿದರೆ ರೇಡಾರ್ ಕಣ್ಣು ತಪ್ಪುತ್ತದೆ, ಆದರೆ ದಟ್ಟ ಗಾಳಿಯಲ್ಲಿ ಜೆಟ್ ಎಂಜಿನ್ ಇಂಧನವನ್ನು ಕುಡಿದು ಮುಗಿಸುತ್ತದೆ. ಕೆಳಮಟ್ಟದ ಹಾರಾಟದಲ್ಲಿ ಸರ್ಗೋಧಾ ಮಿಸ್ಟೇರ್‌ನ ಸಾಮರ್ಥ್ಯದ ಕೊನೆಯಂಚಿನಲ್ಲಿತ್ತು. ಹೋಗಿ, ಒಂದು ಸಲ ಎರಗಿ, ನೇರ ಹಿಂದಿರುಗಬೇಕು. ದಾರಿಯಲ್ಲಿ ಶತ್ರುವಿಮಾನ ಎದುರಾದರೆ ಕಾದಾಡಲು ಇಂಧನವಿರುವುದಿಲ್ಲ. ಇದು ಹೊರಟ ಚಾಲಕರೆಲ್ಲರಿಗೂ ತಿಳಿದಿತ್ತು.

ಹದಿಮೂರನೆಯವರು

ತನೇಜಾ ಮುನ್ನಡೆಸಬೇಕಿದ್ದ ದಾಳಿಗೆ ಹನ್ನೆರಡು ಮಿಸ್ಟೇರ್‌ಗಳನ್ನು ನಾಲ್ಕು ನಾಲ್ಕರ ಮೂರು ಗುಂಪುಗಳಾಗಿ ವಿಂಗಡಿಸಲಾಗಿತ್ತು. ಈ ಹನ್ನೆರಡರಲ್ಲಿ ದೇವಯ್ಯನವರ ಹೆಸರಿರಲಿಲ್ಲ. ಅವರು ಮೀಸಲು ಚಾಲಕ. ದಾಳಿಯ ವಿಮಾನಗಳಲ್ಲಿ ಯಾವುದಾದರೂ ಕೆಟ್ಟು ಹಿಂದುಳಿದರೆ ಅದರ ಜಾಗ ತುಂಬುವುದು, ಎಲ್ಲವೂ ಸರಿಯಿದ್ದರೆ ನೆಲೆಯಲ್ಲೇ ಉಳಿಯುವುದು ಮೀಸಲಿನವರ ಕೆಲಸ. ಅದಕ್ಕಾಗಿ ಅವರೂ ಉಳಿದವರಂತೆಯೇ ನಕ್ಷೆ ಓದಿ, ದಾರಿ ಗುರುತಿಸಿ, ಕಾಕ್‌ಪಿಟ್‌ನಲ್ಲಿ ಕುಳಿತು ಕಾಯಬೇಕು.

ಸೆಪ್ಟೆಂಬರ್ 7ರ ಬೆಳಗಿನ ಜಾವ, ಐದೂವರೆಯ ಸುಮಾರಿಗೆ, ಇನ್ನೂ ಕತ್ತಲಿದ್ದಾಗ ಮಿಸ್ಟೇರ್‌ಗಳು ಒಂದರ ಹಿಂದೊಂದು ಏರತೊಡಗಿದವು. ಒಂದು ವಿಮಾನ ದಾಳಿಯಿಂದ ಹಿಂದೆ ಸರಿಯಬೇಕಾಯಿತು. ಅದರ ಬದಲಿಗೆ ದೇವಯ್ಯ ಹೊರಟರು.

ರೇಡಿಯೋ ಮಾತುಕತೆ ಶತ್ರುವಿನ ಕಿವಿಗೆ ಬೀಳುತ್ತದೆಂದು ಮೌನ ಕಟ್ಟುನಿಟ್ಟಾಗಿತ್ತು. ಮಿಸ್ಟೇರ್‌ನಲ್ಲಿ ದಾರಿ ತೋರಿಸುವ ಸಾಧನಗಳಿರಲಿಲ್ಲ. ದಿಕ್ಸೂಚಿ, ಗಡಿಯಾರ ಮತ್ತು ತೊಡೆಯ ಮೇಲಿನ ನಕ್ಷೆಯೇ ಆಧಾರ. ಇಂತಿಷ್ಟು ವೇಗದಲ್ಲಿ ಇಂತಿಷ್ಟು ನಿಮಿಷ ಈ ದಿಕ್ಕಿಗೆ ಹಾರಿದರೆ ಈ ನದಿ, ಆಮೇಲೆ ಈ ಕಾಲುವೆ ಎಂದು ಲೆಕ್ಕ ಹಾಕುತ್ತ, ಮರಗಳ ತುದಿಗಿಂತ ತುಸುವೇ ಮೇಲೆ, ಅರೆಗತ್ತಲಲ್ಲಿ ಅವರು ಸಾಗಿದರು. ಬೆಳಕು ಹರಿಯುವ ಹೊತ್ತಿಗೆ ಸರ್ಗೋಧಾ ತಲುಪಿ, ದಾಳಿ ಮಾಡಿ, ಮನೆದಿಕ್ಕಿಗೆ ತಿರುಗಿದರು. ಆ ದಿನ ಹಲ್ವಾರಾದಿಂದ ಹಂಟರ್‌ಗಳೂ ಸರ್ಗೋಧಾ ವಲಯಕ್ಕೆ ಹೋದವು. ಹಗಲೇರಿದ ಮೇಲೆ ಆದಂಪುರದಿಂದಲೂ ಇನ್ನಷ್ಟು ಮಿಸ್ಟೇರ್‌ಗಳು ಹೋದವು. ದಾಳಿಯಿಂದಾದ ಹಾನಿಯ ಬಗ್ಗೆ ಎರಡೂ ದೇಶಗಳ ಲೆಕ್ಕಗಳು ಇಂದಿಗೂ ಹೊಂದುವುದಿಲ್ಲ. ತನೇಜಾ ಅವರಿಗೆ ಈ ಯುದ್ಧದ ಸೇವೆಗಾಗಿ ವೀರ ಚಕ್ರ ದೊರೆಯಿತು.

ಮುಂಜಾನೆ ಹೋದ ಮಿಸ್ಟೇರ್‌ಗಳಲ್ಲಿ ಒಂದು ಮಾತ್ರ ಆದಂಪುರಕ್ಕೆ ಮರಳಲಿಲ್ಲ. ಅದು ದೇವಯ್ಯನವರದು.

ಎರಡು ವಿಮಾನಗಳು

ಮುಂದೆ ನಡೆದದ್ದರ ತೂಕ ತಿಳಿಯಲು ಎದುರುಬದುರಾದ ಎರಡು ವಿಮಾನಗಳ ಸ್ವಭಾವ ಅರಿಯಬೇಕು.

ಫ್ರಾನ್ಸಿನ ಡಸೋ ಕಂಪನಿಯ ಮಿಸ್ಟೇರ್ 4ಎ 1950ರ ದಶಕದ ಆರಂಭದ ವಿನ್ಯಾಸ. ಸಮತಲ ಹಾರಾಟದಲ್ಲಿ ಅದು ಶಬ್ದದ ವೇಗ ದಾಟಲಾರದು. ಮೇಲಿನಿಂದ ಕೆಳಕ್ಕೆ ಧುಮುಕುವಾಗ ಮಾತ್ರ ದಾಟಬಲ್ಲದು. ಆಯುಧವಾಗಿ 30 ಮಿ.ಮೀ.ನ ಎರಡು ಗನ್‌ಗಳು, ರೆಕ್ಕೆಯಡಿ ರಾಕೆಟ್ ಅಥವಾ ಬಾಂಬ್. 1965ರ ಹೊತ್ತಿಗೆ ಅದನ್ನು ನೆಲದಾಳಿಗೆ ಬಳಸುತ್ತಿದ್ದರು. ಆಗಸದ ಕಾಳಗಕ್ಕೆ ಹಂಟರ್ ಮತ್ತು ನ್ಯಾಟ್‌ಗಳಿದ್ದವು.

ಅಮೆರಿಕದ ಲಾಕ್‌ಹೀಡ್ ಕಂಪನಿಯ ಎಫ್-104 ಸ್ಟಾರ್‌ಫೈಟರ್ ಬೇರೆಯೇ ಜಾತಿಯದು. ಶಬ್ದದ ಎರಡು ಪಟ್ಟು ವೇಗ, ಸೂಜಿಯಂಥ ಮೈ, ಮೊಟಕು ರೆಕ್ಕೆ. ಶಾಖವನ್ನು ಅರಸಿ ಹೋಗುವ ಸೈಡ್‌ವೈಂಡರ್ ಕ್ಷಿಪಣಿ ಮತ್ತು ಆರು ನಳಿಗೆಗಳ 20 ಮಿ.ಮೀ. ಗನ್ ಅದರ ಆಯುಧ. ಅಮೆರಿಕ ಪಾಕಿಸ್ತಾನಕ್ಕೆ ಕೊಟ್ಟಿದ್ದು ಕೇವಲ ಹನ್ನೆರಡು. ಅಷ್ಟೇ ಇದ್ದರೂ ಉಪಖಂಡದಲ್ಲಿ ಅದರ ಹೆಸರಿಗೇ ಒಂದು ದಿಗಿಲಿತ್ತು.

ಆದರೆ ಈ ವೇಗಕ್ಕೆ ಒಂದು ಬೆಲೆಯುಂಟು. ಸ್ಟಾರ್‌ಫೈಟರ್‌ನ ರೆಕ್ಕೆಗಳ ಒಟ್ಟು ಹರವು ಸುಮಾರು 18 ಚದರ ಮೀಟರ್, ಮಿಸ್ಟೇರ್‌ನದು ಸುಮಾರು 32. ವಿಮಾನ ತಿರುಗಬೇಕಾದರೆ ರೆಕ್ಕೆಯೇ ಅದನ್ನು ಹೊರಳಿಸಬೇಕು. ಚಿಕ್ಕ ರೆಕ್ಕೆಯ ಮೇಲೆ ಹೆಚ್ಚು ತೂಕ ಬಿದ್ದಾಗ ತಿರುವಿನ ವೃತ್ತ ದೊಡ್ಡದಾಗುತ್ತದೆ. ಎತ್ತರದಲ್ಲಿ ನೇರ ಬಂದು, ಹೊಡೆದು, ಅದೇ ವೇಗದಲ್ಲಿ ಹೊರಟುಹೋಗುವುದು ಸ್ಟಾರ್‌ಫೈಟರ್‌ಗೆ ಹೊಂದುವ ರೀತಿ. ಅದರ ಚಾಲಕ ಕೆಳಮಟ್ಟದಲ್ಲಿ, ವೇಗ ಇಳಿಸಿ, ಎದುರಾಳಿಯೊಡನೆ ಸುತ್ತತೊಡಗಿದರೆ ಅನುಕೂಲ ಮಿಸ್ಟೇರ್‌ನತ್ತ ವಾಲುತ್ತದೆ. ಕಾಳಗ ಯಾವ ವೇಗದಲ್ಲಿ ನಡೆಯಬೇಕೆಂಬುದನ್ನು ಯಾರು ನಿರ್ಧರಿಸುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿರುತ್ತದೆ.

ಕಾಳಗ

ಆ ಬೆಳಗ್ಗೆ ಸರ್ಗೋಧಾದ ಮೇಲೆ ಕಾವಲಿದ್ದ ಸ್ಟಾರ್‌ಫೈಟರ್‌ನ ಚಾಲಕ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ದಾಳಿ ಮುಗಿಸಿ ಮರಳುತ್ತಿದ್ದ ಮಿಸ್ಟೇರ್‌ಗಳನ್ನು ಕಂಡು ಅವರು ಬೆನ್ನಟ್ಟಿದರು. ಅವರ ಎದುರಿಗೆ ಸಿಕ್ಕಿದ್ದು ದೇವಯ್ಯನವರ ವಿಮಾನ.

ಸ್ಟಾರ್‌ಫೈಟರ್‌ನ ಗುಂಡುಗಳು ತಾಗಿ ಮಿಸ್ಟೇರ್ ಘಾಸಿಗೊಂಡಿತು. ಅದು ಇನ್ನು ಉಳಿಯದೆಂದು ಬಗೆದು ಅಮ್ಜದ್ ಹುಸೇನ್ ಉಳಿದ ವಿಮಾನಗಳತ್ತ ಗಮನ ತಿರುಗಿಸಿದರು. ಆದರೆ ಮಿಸ್ಟೇರ್ ಬಿದ್ದಿರಲಿಲ್ಲ. ಪೆಟ್ಟು ತಿಂದ ಯಂತ್ರವನ್ನು ಹಿಡಿತದಲ್ಲಿಟ್ಟುಕೊಂಡು ದೇವಯ್ಯ ಸ್ಟಾರ್‌ಫೈಟರ್ ಮೇಲೆ ತಿರುಗಿಬಿದ್ದರು. ನೆಲಕ್ಕೆ ಹತ್ತಿರದಲ್ಲಿ ಎರಡು ವಿಮಾನಗಳೂ ಒಂದರ ಬೆನ್ನಿಗೆ ಇನ್ನೊಂದು ಬೀಳಲು ಹೊರಳಾಡಿದವು. ಮಿಸ್ಟೇರ್‌ಗೆ ಹೊಂದುವ ಕಾಳಗ ಇದೇ. ದೇವಯ್ಯನವರ ಗನ್‌ಗಳ ಗುಂಡು ಸ್ಟಾರ್‌ಫೈಟರ್‌ಗೆ ಬಡಿದು, ಅದು ಹತೋಟಿ ತಪ್ಪಿತು. ಅಮ್ಜದ್ ಹುಸೇನ್ ವಿಮಾನದಿಂದ ಎಗರಿ, ಪ್ಯಾರಾಚೂಟ್ ಹಿಡಿದು ನೆಲ ಮುಟ್ಟಿ, ಬದುಕಿದರು.

ದೇವಯ್ಯ ಬದುಕಲಿಲ್ಲ. ಅವರ ವಿಮಾನವೂ ಪಾಕಿಸ್ತಾನದ ಹಳ್ಳಿಗಾಡಿನಲ್ಲೇ ಬಿದ್ದಿತು. ಅವರಿಗೆ ಆಗ 32 ವರ್ಷ. ಪಾಕಿಸ್ತಾನದ ಕಡೆಯಲ್ಲಿ ಮುಂದೆ ದಾಖಲಾದ ಪ್ರಕಾರ, ಅಲ್ಲಿನ ಹಳ್ಳಿಗರು ಅವರ ದೇಹವನ್ನು ಕಂಡು ಹೊಲದಲ್ಲಿ ಮಣ್ಣು ಮಾಡಿದರು.

ದೇವಯ್ಯನವರ ಮುಂದೆ ಇನ್ನೊಂದು ದಾರಿಯಿತ್ತು. ಶತ್ರು ಪಕ್ಕಕ್ಕೆ ಸರಿದಾಗ ಮನೆಯತ್ತ ತಿರುಗುವುದು, ಆಗದಿದ್ದರೆ ಎಗರಿ ಸೆರೆಯಾಗುವುದು. ತಿರುಗಿ ನಿಂತರೆ ಇಂಧನ ಸಾಲದೆಂಬುದು ಹೊರಡುವಾಗಲೇ ಗೊತ್ತಿತ್ತು. ಮುಂದೆ ಮರಳುತ್ತಿದ್ದ ಜೊತೆಗಾರರ ಬೆನ್ನಿಗೆ ಸ್ಟಾರ್‌ಫೈಟರ್ ಬಿದ್ದಿದ್ದರೆ ಅವರಿಗೂ ಕಾದಾಡಲು ಇಂಧನವಿರಲಿಲ್ಲ. ದೇವಯ್ಯನವರ ಮನಸ್ಸಿನಲ್ಲಿ ಏನಿತ್ತೆಂದು ಹೇಳಬಲ್ಲವರು ಯಾರೂ ಇಲ್ಲ. ಅವರು ತಿರುಗಿ ಕಾದಿದರು, ಆ ಸ್ಟಾರ್‌ಫೈಟರ್ ಬೇರೆ ಯಾರನ್ನೂ ಬೆನ್ನಟ್ಟಲಿಲ್ಲ ಎಂಬುದಷ್ಟೇ ನಿಶ್ಚಿತ.

ಸಾಕ್ಷಿಯಿಲ್ಲದ ಶೌರ್ಯ

ಆದಂಪುರದಲ್ಲಿ ಇದ್ಯಾವುದೂ ತಿಳಿಯಲಿಲ್ಲ. ದೇವಯ್ಯನವರನ್ನು ಕಾಣೆಯಾದವರ ಪಟ್ಟಿಗೆ ಸೇರಿಸಲಾಯಿತು. ಇಂಧನ ಮುಗಿಯಿತೋ, ನೆಲದ ತೋಪಿನ ಏಟು ಬಿತ್ತೋ, ವಿಮಾನ ಕೆಟ್ಟಿತೋ ಎಂಬುದು ಊಹೆಯಾಗಿಯೇ ಉಳಿಯಿತು. ಸೆಪ್ಟೆಂಬರ್ 23ರಂದು ಕದನವಿರಾಮವಾಯಿತು. 1966ರ ಜನವರಿ 10ರಂದು ತಾಷ್ಕೆಂಟ್ ಒಪ್ಪಂದವಾಯಿತು. ಸೆರೆಯಾಳುಗಳು ಮರಳಿದರು. ಯುದ್ಧದ ಕೊನೆಯಲ್ಲಿ ಹಂಟರ್‌ನಿಂದ ಎಗರಿ ಸೆರೆಯಾಗಿದ್ದ ಇನ್ನೊಬ್ಬ ಕೊಡವ ಚಾಲಕ, ಜನರಲ್ ಕಾರ್ಯಪ್ಪನವರ ಮಗ ಕೆ. ಸಿ. ಕಾರ್ಯಪ್ಪ, ಮನೆ ಸೇರಿದರು. ದೇವಯ್ಯ ಮರಳಲಿಲ್ಲ, ಅವರು ತೀರಿಕೊಂಡರೆಂದು ಪರಿಗಣಿಸಲಾಯಿತು.

ಆಗಸದ ಕಾಳಗದಲ್ಲಿ ಶತ್ರುವಿಮಾನ ಕೆಡವಿದ್ದನ್ನು ವಾಯುಪಡೆಗಳು ಸುಲಭವಾಗಿ ಒಪ್ಪುವುದಿಲ್ಲ. ಗನ್‌ಗೆ ಜೋಡಿಸಿದ ಕ್ಯಾಮೆರಾದ ಫಿಲ್ಮು, ಜೊತೆಯಲ್ಲಿ ಹಾರಿದವರ ಹೇಳಿಕೆ, ನೆಲದ ಮೇಲೆ ಸಿಗುವ ಅವಶೇಷ: ಈ ಮೂರರಲ್ಲೊಂದಾದರೂ ಬೇಕು. ದೇವಯ್ಯನವರ ವಿಷಯದಲ್ಲಿ ಮೂರೂ ಭಾರತದ ಕೈಗೆಟುಕಲಿಲ್ಲ. ಫಿಲ್ಮು ಇದ್ದಿರಬಹುದಾದ ವಿಮಾನ ಶತ್ರುನೆಲದಲ್ಲಿ ಬಿದ್ದಿತ್ತು. ಜೊತೆಗಾರರು ಮೌನ ಪಾಲಿಸುತ್ತ, ನೆಲಕ್ಕಂಟಿ, ಮುಂದೆ ಸಾಗಿದ್ದರು. ಸ್ಟಾರ್‌ಫೈಟರ್‌ನ ಅವಶೇಷವೂ ಪಾಕಿಸ್ತಾನದಲ್ಲೇ ಇತ್ತು.

1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಒಬ್ಬಂಟಿ ನ್ಯಾಟ್‌ನಲ್ಲಿ ಹಲವು ಸೇಬರ್‌ಗಳನ್ನು ಎದುರಿಸಿ ಮಡಿದ ನಿರ್ಮಲ್ ಜೀತ್ ಸಿಂಗ್ ಸೆಖೋನ್ ಅವರ ಸಂದರ್ಭವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಆ ಕಾಳಗ ನಡೆದದ್ದು ಸ್ವಂತ ನೆಲೆಯ ಮೇಲೆಯೇ. ಕೆಳಗಿದ್ದವರು ಕಣ್ಣಾರೆ ಕಂಡರು. ವಾಯುಪಡೆಗೆ ಸಂದಿರುವ ಏಕೈಕ ಪರಮವೀರ ಚಕ್ರ ಸೆಖೋನ್ ಅವರಿಗೆ ಬೇಗನೆ ಘೋಷಣೆಯಾಯಿತು. ಎರಡೂ ಕಡೆ ಒಂಟಿ ಚಾಲಕನೇ, ಎರಡೂ ಕಡೆ ಮೇಲುಗೈ ಎದುರಾಳಿಯದೇ. ಒಂದಕ್ಕೆ ನೋಡಿದ ಕಣ್ಣುಗಳಿದ್ದವು, ಇನ್ನೊಂದಕ್ಕೆ ಇರಲಿಲ್ಲ.

ದೇವಯ್ಯನವರ ಕಾಳಗ ಕಂಡು ಬದುಕಿದ್ದ ಮುಖ್ಯ ಸಾಕ್ಷಿ ಅಮ್ಜದ್ ಹುಸೇನ್. ಅವರು 1971ರ ಯುದ್ಧದಲ್ಲಿ ಅಮೃತಸರದ ಬಳಿ ನೆಲದ ತೋಪಿಗೆ ಸಿಕ್ಕಿ ಮತ್ತೊಮ್ಮೆ ಸ್ಟಾರ್‌ಫೈಟರ್‌ನಿಂದ ಎಗರಿ, ಭಾರತದಲ್ಲಿ ಯುದ್ಧಕೈದಿಯಾಗಿದ್ದರು. ಆಗಲೂ 1965ರ ಆ ಬೆಳಗಿನ ಸಂಗತಿ ಹೊರಬರಲಿಲ್ಲ.

ಸತ್ಯ ಹೊರಬಂದ ಬಗೆ

ಬ್ರಿಟಿಷ್ ವೈಮಾನಿಕ ಲೇಖಕ ಜಾನ್ ಫ್ರಿಕರ್, ಪಾಕಿಸ್ತಾನಿ ವಾಯುಪಡೆಯ ನೆರವಿನೊಂದಿಗೆ 1965ರ ವಾಯುಸಮರದ ಪುಸ್ತಕ ಬರೆದರು. ‘ಬ್ಯಾಟಲ್ ಫಾರ್ ಪಾಕಿಸ್ತಾನ್’ ಎಂಬ ಆ ಪುಸ್ತಕ 1979ರಲ್ಲಿ ಹೊರಬಂತು. ಬಹುಪಾಲು ಪಾಕಿಸ್ತಾನದ ದೃಷ್ಟಿಯಿಂದ ಬರೆದ ಪುಸ್ತಕವದು. ಸೆಪ್ಟೆಂಬರ್ 7ರಂದು ಸ್ಟಾರ್‌ಫೈಟರ್ ಒಂದು ಮಿಸ್ಟೇರ್‌ನೊಂದಿಗಿನ ಕಾಳಗದಲ್ಲಿ ನಷ್ಟವಾಯಿತೆಂಬುದು, ಆ ಮಿಸ್ಟೇರ್‌ನ ಚಾಲಕ ಪೆಟ್ಟು ತಿಂದ ಮೇಲೂ ಧೈರ್ಯದಿಂದ ಕಾದಿದನೆಂಬುದು ಅದರಲ್ಲಿತ್ತು. ಚಾಲಕನ ಹೆಸರು ಪಾಕಿಸ್ತಾನಿಗಳಿಗೆ ಗೊತ್ತಿರಲಿಲ್ಲ.

ಹೆಸರು ಕೂಡಿಸುವ ಕೆಲಸ ಭಾರತದಲ್ಲಾಗಬೇಕಿತ್ತು. ವಾಯುಪಡೆಯ ಇತಿಹಾಸ ಬರೆಯುವ ಹೊಣೆ ಹೊತ್ತಿದ್ದ ಏರ್ ಕಮೋಡರ್ ಪ್ರೀತಮ್ ಸಿಂಗ್ ಈ ವಿವರವನ್ನು ಗಂಭೀರವಾಗಿ ತೆಗೆದುಕೊಂಡರು. ಆ ಮುಂಜಾನೆಯ ದಾಳಿಯಲ್ಲಿ ನಷ್ಟವಾದ ಮಿಸ್ಟೇರ್ ಒಂದೇ, ಅದರ ಚಾಲಕರೂ ಒಬ್ಬರೇ. ದಾಳಿಯನ್ನು ಮುನ್ನಡೆಸಿದ್ದ ತನೇಜಾ, ಮರಳದ ತಮ್ಮ ಚಾಲಕನಿಗೆ ಸಲ್ಲಬೇಕಾದ ಗೌರವಕ್ಕಾಗಿ ಒತ್ತಾಯಿಸಿದರು. ಎದುರಾಳಿಯ ದಾಖಲೆ, ಸ್ವಂತ ಹಾರಾಟದ ದಾಖಲೆ, ಕಾಲ ಮತ್ತು ಸ್ಥಳದ ಲೆಕ್ಕ ಎಲ್ಲವನ್ನೂ ಹೊಂದಿಸಿ ನೋಡಿದಾಗ ಸಂದೇಹಕ್ಕೆ ಎಡೆ ಉಳಿಯಲಿಲ್ಲ. 1988ರಲ್ಲಿ ಸರ್ಕಾರ ಮರಣೋತ್ತರ ಮಹಾವೀರ ಚಕ್ರ ನೀಡಿತು. ಅವರ ಪರವಾಗಿ ಪತ್ನಿ ಅದನ್ನು ಸ್ವೀಕರಿಸಿದರು.

ಮಹಾವೀರ ಚಕ್ರ ಸ್ಥಾಪನೆಯಾದದ್ದು 1950ರ ಜನವರಿ 26ರಂದು. 1947ರ ಆಗಸ್ಟ್ 15ರಿಂದಲೇ ಅನ್ವಯಿಸುವಂತೆ ಅದನ್ನು ಜಾರಿಗೊಳಿಸಲಾಯಿತು. ಶತ್ರುವಿನ ಸಮ್ಮುಖದಲ್ಲಿ, ನೆಲದಲ್ಲಾಗಲಿ ಕಡಲಲ್ಲಾಗಲಿ ಆಗಸದಲ್ಲಾಗಲಿ, ತೋರಿದ ಶೌರ್ಯಕ್ಕೆ ಅದು ಸಲ್ಲುತ್ತದೆ. ಬೆಳ್ಳಿಯ ದುಂಡು ಪದಕದ ಮೇಲೆ ಐದು ಮೂಲೆಯ ನಕ್ಷತ್ರ. ರಿಬ್ಬನ್ ಅರ್ಧ ಬಿಳಿ, ಅರ್ಧ ಕೇಸರಿ. ಸಾಮಾನ್ಯವಾಗಿ ಇಂಥ ಪುರಸ್ಕಾರಗಳು ಯುದ್ಧ ನಡೆದ ತಿಂಗಳುಗಳಲ್ಲೇ ನಿರ್ಧಾರವಾಗುತ್ತವೆ. ಎರಡು ದಶಕ ಕಳೆದ ಕಡತವನ್ನು ಮತ್ತೆ ತೆರೆದು ಕೊಟ್ಟದ್ದು ತೀರಾ ಅಪರೂಪ.

ಕಾಳಗದ ವಿವರಗಳ ಚರ್ಚೆ ಅಲ್ಲಿಗೆ ನಿಲ್ಲಲಿಲ್ಲ. ಮಿಸ್ಟೇರ್ ಒಡೆದಾಗ ಸಿಡಿದ ಚೂರುಗಳು ತಾಗಿ ಸ್ಟಾರ್‌ಫೈಟರ್ ಬಿದ್ದಿತೆಂಬ ವಿವರಣೆ ಪಾಕಿಸ್ತಾನದ ಕಡೆ ಬಹುಕಾಲ ಇತ್ತು. ಪಾಕಿಸ್ತಾನಿ ವಾಯುಪಡೆಯ ನಿವೃತ್ತ ಅಧಿಕಾರಿ, ಇತಿಹಾಸಕಾರ ಕೈಸರ್ ತುಫೈಲ್ ಮುಂದೆ ಈ ಘಟನೆಯನ್ನೇ ಕೈಗೆತ್ತಿಕೊಂಡು ಶೋಧಿಸಿ ಬರೆದರು. ಮಿಸ್ಟೇರ್ ಚಾಲಕನ ದೇಹ ದೊರೆತು ಮಣ್ಣಾದ ವಿವರ ತಿಳಿದುಬಂದದ್ದೂ ಅಲ್ಲಿನ ಶೋಧದಿಂದಲೇ. ಭಾರತದ ಕಡೆಯಿಂದ ಪಿ. ವಿ. ಎಸ್. ಜಗನ್ ಮೋಹನ್ ಮತ್ತು ಸಮೀರ್ ಚೋಪ್ರಾ 2005ರಲ್ಲಿ ಪ್ರಕಟಿಸಿದ 1965ರ ವಾಯುಯುದ್ಧದ ಇತಿಹಾಸ ಈ ಹಾರಾಟವನ್ನು ಇಡೀ ಸರ್ಗೋಧಾ ದಾಳಿಯ ಹಿನ್ನೆಲೆಯಲ್ಲಿ ನಿರೂಪಿಸಿತು. ದೇವಯ್ಯನವರ ಕಥೆ ಹೀಗೆ ಗಡಿಯ ಎರಡೂ ಕಡೆಯವರು ಸೇರಿ ಬರೆದ ಕಥೆ. ಒಂದು ಕಡೆಯ ದಾಖಲೆ ಮಾತ್ರ ಇದ್ದಿದ್ದರೆ ಅದು ಪೂರ್ಣವಾಗುತ್ತಿರಲಿಲ್ಲ.

ಸ್ಮರಣೆ

ಮಡಿಕೇರಿಯ ವೃತ್ತಗಳು ಕೊಡಗಿನ ಯೋಧರ ನೆನಪಿನ ಸಾಲು. ತಿಮ್ಮಯ್ಯ, ಕಾರ್ಯಪ್ಪ, ಮೇಜರ್ ಮಂಗೇರಿರ ಮುತ್ತಣ್ಣ ಮೊದಲಾದವರ ಪ್ರತಿಮೆಗಳು ಅಲ್ಲಿವೆ. 2020ರಲ್ಲಿ, ಖಾಸಗಿ ಬಸ್ ನಿಲ್ದಾಣದ ಬಳಿಯ ವೃತ್ತದಲ್ಲಿ ದೇವಯ್ಯನವರ ಪ್ರತಿಮೆಯೂ ನಿಂತಿತು. ಭೂಸೇನೆಯವರೇ ಹೆಚ್ಚಿರುವ ಆ ಸಾಲಿನಲ್ಲಿ ಅವರು ಆಗಸದ ಯೋಧ. ಸೆಪ್ಟೆಂಬರ್ 7ರಂದು ಅಲ್ಲಿ ಹೂಮಾಲೆ ಅರ್ಪಿಸಿ ಅವರನ್ನು ನೆನೆಯಲಾಗುತ್ತದೆ.

2025ರ ಜನವರಿಯಲ್ಲಿ ತೆರೆಕಂಡ ಹಿಂದಿ ಚಲನಚಿತ್ರ ‘ಸ್ಕೈ ಫೋರ್ಸ್’ ಸರ್ಗೋಧಾ ದಾಳಿಯನ್ನೂ ದೇವಯ್ಯನವರ ಕಣ್ಮರೆಯನ್ನೂ ಆಧರಿಸಿದೆ. ಪಾತ್ರಗಳ ಹೆಸರು ಬದಲಾಗಿವೆ, ಘಟನೆಗಳಿಗೆ ಕಲ್ಪನೆ ಸೇರಿದೆ. ದೇವಯ್ಯನವರನ್ನು ಆಧರಿಸಿದ ಪಾತ್ರದಲ್ಲಿ ವೀರ್ ಪಹಾರಿಯಾ, ತನೇಜಾ ಅವರನ್ನು ಆಧರಿಸಿದ ಪಾತ್ರದಲ್ಲಿ ಅಕ್ಷಯ್ ಕುಮಾರ್ ನಟಿಸಿದ್ದಾರೆ. ಕೊಡಗಿನ ಆಚೆ ಹೆಚ್ಚು ಜನಕ್ಕೆ ತಿಳಿಯದಿದ್ದ ಹೆಸರು ಈ ಚಿತ್ರದಿಂದ ದೇಶದುದ್ದಕ್ಕೂ ಮಾತಿಗೆ ಬಂತು.

1965ರ ಯುದ್ಧದಲ್ಲಿ ಪಾಕಿಸ್ತಾನ ಕಳೆದುಕೊಂಡದ್ದು ಎರಡು ಸ್ಟಾರ್‌ಫೈಟರ್‌ಗಳನ್ನು. ಒಂದು ಅಪಘಾತಕ್ಕೀಡಾಯಿತು. ಕಾಳಗದಲ್ಲಿ ಬಿದ್ದದ್ದು ಸೆಪ್ಟೆಂಬರ್ 7ರ ಆ ಒಂದೇ ವಿಮಾನ. ಅದನ್ನು ಕೆಡವಿದ ಮೀಸಲು ಚಾಲಕನ ದೇಹ ಬಿದ್ದ ನೆಲದಲ್ಲೇ ಮಣ್ಣಾಗಿದೆ; ಅವರ ಪದಕ 23 ವರ್ಷಗಳ ನಂತರ ಮನೆ ಸೇರಿತು.